ಕೊಂಡದ್ದೋ, ಬಾಡಿಗೆಗೆ ತಂದದ್ದೋ?

ಹೋದ ರಂಜಾನ್ ಈದ್‌ಗೆ ಸಿಕ್ಕ ಈದಿಯನ್ನೆಲ್ಲ ಕೂಡಿಸಿದಾಗ ನನ್ನ ಹತ್ತಿರ 1,450 ರೂಪಾಯಿ ಆಗಿತ್ತು. ಅದರಲ್ಲಿ 999 ರೂಪಾಯಿ ಕೊಟ್ಟು ಒಂದು ಕಂಪ್ಯೂಟರ್ ಗೇಮ್ ಕೊಂಡೆ. ರೊಕ್ಕ ಕೊಟ್ಟು ನಾನು ಕೊಂಡ ಮೊದಲ ಗೇಮ್ ಅದು. ವಿಷಯ ಗೊತ್ತಾದಾಗ ನನ್ನ ದೋಸ್ತ ಹೊಟ್ಟೆ ಹಿಡಿದುಕೊಂಡು ನಕ್ಕ. “ಹುಚ್ಚ ಅದಿ ಏನಲೇ? ಪೆನ್‌ಡ್ರೈವ್ ತಂದಿದ್ರ ಐದು ನಿಮಿಷದಾಗ ಹಾಕಿ ಕೊಡ್ತಿದ್ನೆಲ್ಲ!” ಅಂದ. ನಾನು ಸುಮ್ಮನಿದ್ದೆ. ಒಳಗೊಳಗೇ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಒಂದು ವಾರ ಕಳೆಯಿತು. ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಗಟಾರ ಕೆಲಸಕ್ಕೆ ರಸ್ತೆ ಅಗೆದರು. ಇಂಟರ್ನೆಟ್ ಕೇಬಲ್ ತುಂಡಾಯಿತು, ನಾಲ್ಕು ದಿನ ನೆಟ್ ಇರಲಿಲ್ಲ. ಪರವಾಗಿಲ್ಲ, ನನ್ನದು ಒಬ್ಬನೇ ಆಡುವ ಆಟ, ನೆಟ್ ಯಾಕೆ ಬೇಕು ಅಂದುಕೊಂಡು ಕುಳಿತೆ. ಆಟ ತೆರೆಯಲೇ ಇಲ್ಲ. “ನಿಮ್ಮ ಲೈಸೆನ್ಸ್ ಪರಿಶೀಲಿಸಲು ಆಗುತ್ತಿಲ್ಲ” ಎಂಬರ್ಥದ ಒಂದು ಸಾಲು ಬಂದು ನಿಂತಿತು. ಅಬ್ಬಾನ ಮೊಬೈಲಿನಿಂದ ಹಾಟ್‌ಸ್ಪಾಟ್ ಹಾಕಿದೆ. ಮೊದಲು ಅಪ್‌ಡೇಟ್ ಆಗಬೇಕು ಎಂದಿತು. ದಿನದ ಡೇಟಾ ಮುಗಿಯಿತು, ಅಪ್‌ಡೇಟ್ ಮುಗಿಯಲಿಲ್ಲ. ಅದೇ ಹೊತ್ತಿಗೆ ಅದೇ ಓಣಿಯಲ್ಲಿ, ನೆಟ್ ಇಲ್ಲದ ಅದೇ ಸ್ಥಿತಿಯಲ್ಲಿ, ನನ್ನ ದೋಸ್ತ ಅದೇ ಆಟವನ್ನು ಆರಾಮಾಗಿ ಆಡುತ್ತಿದ್ದ. ಅವನದು ಬೀಗ ಒಡೆದ ಪ್ರತಿ. ರೊಕ್ಕ ಕೊಟ್ಟವನು ಹೊರಗೆ, ಕೊಡದವನು ಒಳಗೆ.

ಕಾಮರ್ಸ್ ಓದುವವರಿಗೆ ಒಂದು ರೋಗ ಇರುತ್ತದೆ, ಎಲ್ಲದಕ್ಕೂ ಜರ್ನಲ್ ಎಂಟ್ರಿ ಹುಡುಕುವುದು. ಆ ರಾತ್ರಿ ನಾನೂ ಹುಡುಕಿದೆ. ನನ್ನ 999 ರೂಪಾಯಿಯನ್ನು ಯಾವ ಖಾತೆಗೆ ಡೆಬಿಟ್ ಮಾಡಲಿ? ಆಸ್ತಿ ಖಾತೆಗೋ, ಬಾಡಿಗೆ ಖಾತೆಗೋ? ಆಸ್ತಿಯಾದರೆ ಬೇಕೆಂದಾಗ ಬಳಸಲು ಬರಬೇಕು, ಬೇಡವಾದಾಗ ಮಾರಲು ಬರಬೇಕು. ಇದರಲ್ಲಿ ಎರಡೂ ಇಲ್ಲ. ಆದರೆ ಅಂಗಡಿಯ ಪುಟದಲ್ಲಿ ನಾನು ಒತ್ತಿದ ಗುಂಡಿಯ ಮೇಲೆ “ಖರೀದಿಸಿ” ಅಂತಲೇ ಇತ್ತು. ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.

ಆಟಕ್ಕೆ ಬೀಗ ಹಾಕುವುದು ಹೊಸದೇನಲ್ಲ. 1980-90ರ ದಶಕದಲ್ಲಿ ಆಟದ ಜೊತೆ ಬರುವ ಪುಸ್ತಕದ ಇಂಥ ಪುಟದ ಇಂಥ ಪದವನ್ನು ಟೈಪ್ ಮಾಡು ಎಂದು ಕೇಳುತ್ತಿದ್ದರು. ಪುಸ್ತಕ ಇದ್ದವನು ಆಡುತ್ತಿದ್ದ. ಆಮೇಲೆ ಸಿಡಿ ಬಂತು, ಸಿಡಿ ಒಳಗಿದ್ದರೆ ಮಾತ್ರ ಆಟ ಶುರುವಾಗುತ್ತಿತ್ತು. ಆಮೇಲೆ ಇಂತಿಷ್ಟೇ ಕಂಪ್ಯೂಟರ್‌ಗಳಿಗೆ ಎಂಬ ಲೆಕ್ಕ ಬಂತು. ಈಗ ಖಾತೆ, ಪಾಸ್‌ವರ್ಡ್, ದೂರದಲ್ಲೆಲ್ಲೋ ಇರುವ ಸರ್ವರ್. ಇದಕ್ಕೆಲ್ಲ ಸೇರಿ ಇರುವ ಹೆಸರು ಡಿಆರ್‌ಎಂ, ಅಂದರೆ ಡಿಜಿಟಲ್ ಹಕ್ಕುಗಳ ನಿರ್ವಹಣೆ. ಹಿಂದಿನ ಬೀಗದ ಕೀಲಿ ನಮ್ಮ ಮನೆಯಲ್ಲೇ ಇರುತ್ತಿತ್ತು. ಈಗಿನ ಕೀಲಿ ಮಾರಿದವನ ಕೈಯಲ್ಲೇ ಉಳಿಯುತ್ತದೆ. ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ.

ಈ ಬೀಗಗಳು ಯಾರನ್ನು ತಡೆದವು ನೋಡಿ. 2008ರಲ್ಲಿ ‘ಸ್ಪೋರ್’ ಎಂಬ ಆಟ ಮೂರು ಸಲ ಮಾತ್ರ ಹಾಕಿಕೊಳ್ಳಬಹುದು ಎಂಬ ಮಿತಿಯೊಂದಿಗೆ ಬಂತು. ಆ ವರ್ಷ ಜನ ಅತಿ ಹೆಚ್ಚು ಕದ್ದು ಇಳಿಸಿಕೊಂಡ ಆಟಗಳಲ್ಲಿ ಅದೂ ಒಂದಾಯಿತು. 2010ರ ಮಾರ್ಚ್‌ನಲ್ಲಿ ಯೂಬಿಸಾಫ್ಟ್ ಕಂಪನಿಯ ‘ಅಸಾಸಿನ್ಸ್ ಕ್ರೀಡ್ 2’ ಕಂಪ್ಯೂಟರ್‌ಗೆ ಬಂದಾಗ, ಒಬ್ಬನೇ ಆಡಿದರೂ ಸದಾ ನೆಟ್ ಇರಬೇಕು ಎಂಬ ಷರತ್ತು ಇತ್ತು. ಕೆಲವೇ ದಿನಗಳಲ್ಲಿ ಕಂಪನಿಯ ಸರ್ವರ್ ಕೈಕೊಟ್ಟಿತು, ರೊಕ್ಕ ಕೊಟ್ಟವರೇ ಆಡಲಾರದೆ ಕುಳಿತರು. 2015ರಲ್ಲಿ ವಿಂಡೋಸ್ 10 ಬಂದಾಗ ಸೇಫ್‌ಡಿಸ್ಕ್ ಎಂಬ ಹಳೆಯ ಸಿಡಿ ಬೀಗದ ಡ್ರೈವರ್‌ಗೆ ಸುರಕ್ಷತೆಯ ಕಾರಣಕ್ಕೆ ಜಾಗ ಸಿಗಲಿಲ್ಲ. ಅಸಲಿ ಸಿಡಿಯನ್ನು ಜೋಪಾನ ಮಾಡಿಟ್ಟವರ ಎಷ್ಟೋ ಆಟಗಳು ಅವತ್ತಿನಿಂದ ನಡೆಯದಾದವು. ಬೀಗ ಒಡೆದ ಪ್ರತಿಗಳಿಗೆ ಆ ಡ್ರೈವರ್ ಬೇಕಾಗಿರಲೇ ಇಲ್ಲ. ಇನ್ನೂ ತಮಾಷೆಯೆಂದರೆ, 2008ರಲ್ಲಿ ಯೂಬಿಸಾಫ್ಟ್ ತನ್ನದೇ ಒಂದು ಆಟದ ಸಿಡಿ ತಪಾಸಣೆಯ ತೊಂದರೆ ಸರಿಪಡಿಸಲು ಗ್ರಾಹಕರಿಗೆ ಕೊಟ್ಟ ಫೈಲು, ಕಳ್ಳ ಪ್ರತಿ ಮಾಡುವ ಗುಂಪೊಂದು ತಯಾರಿಸಿದ ಕ್ರ್ಯಾಕ್ ಎಂದು ಬಯಲಾಯಿತು.

ಇದು ಆಟಕ್ಕೆ ಮಾತ್ರ ಸೇರಿದ ಮಾತಲ್ಲ. ನನ್ನ ಮಾಮು ಮದುವೆ ಕಾರ್ಡು, ಜಲ್ಸಾದ ಪೋಸ್ಟರ್ ಮಾಡುವ ಸಣ್ಣ ಪ್ರಿಂಟಿಂಗ್ ಅಂಗಡಿ ಇಟ್ಟಿದ್ದಾರೆ. ಬಹಳ ವರ್ಷಗಳ ಹಿಂದೆ ಸಾಲ ಮಾಡಿ ಉರ್ದು ಅಕ್ಷರ ಜೋಡಿಸುವ ಅಸಲಿ ಸಾಫ್ಟ್‌ವೇರ್ ತಂದಿದ್ದರು. ಅದರ ಜೊತೆ ಕಂಪ್ಯೂಟರಿನ ಹಿಂದೆ, ಪ್ರಿಂಟರ್ ಜೋಡಿಸುವ ಜಾಗದಲ್ಲಿ ಸಿಕ್ಕಿಸುವ ಒಂದು ಲಾಕ್ ಬಂದಿತ್ತು. ಅದು ಇದ್ದರೆ ಮಾತ್ರ ಕೆಲಸ. ಕೆಲವು ವರ್ಷಗಳ ನಂತರ ಹಳೆಯ ಕಂಪ್ಯೂಟರ್ ಸುಟ್ಟುಹೋಯಿತು. ಹೊಸದರಲ್ಲಿ ಅಂಥ ಜಾಗವೇ ಇರಲಿಲ್ಲ. ಮದುವೆ ಸೀಸನ್, ಕೈಯಲ್ಲಿ ಆರ್ಡರ್‌ಗಳು. ಕೊನೆಗೆ ಯಾರೋ ಲಾಕ್ ಬೇಡದ ಪ್ರತಿಯನ್ನು ಹಾಕಿಕೊಟ್ಟರು. “ಪೂರ್ತಿ ರೊಕ್ಕ ನಾನು ಕೊಟ್ಟೀನಿ, ಆದ್ರೂ ಕಳ್ಳನಂಗ ಕೆಲಸ ಮಾಡಬೇಕಾತು” ಎಂದು ಮಾಮು ಇವತ್ತಿಗೂ ಹೇಳುತ್ತಾರೆ.

ಇಲ್ಲಿಯವರೆಗೆ ಓದಿದವರು, ಹಾಗಾದರೆ ಕ್ರ್ಯಾಕ್ ಪ್ರತಿಯೇ ಸರಿ ಎಂದು ನಾನು ಹೇಳುತ್ತೇನೆ ಎಂದುಕೊಂಡಿರಬಹುದು. ಇಲ್ಲ. ಯಾಕೆಂದರೆ ಕಥೆ ಇನ್ನೂ ಮುಗಿದಿಲ್ಲ.

ನೆಟ್ ಹೋದ ಮೂರನೆಯ ಸಂಜೆ ನಾನು ದೋಸ್ತನ ಮನೆಗೆ ಪೆನ್‌ಡ್ರೈವ್ ತೆಗೆದುಕೊಂಡು ಹೋದೆ. ಆಟ ನಾನು ಕೊಂಡದ್ದೇ, ಬೀಗ ಒಡೆದರೆ ಯಾರಿಗೆ ನಷ್ಟ ಎಂಬುದು ನನ್ನ ವಾದ. ಹಾಕುವಾಗ ಆಂಟಿವೈರಸ್ ತಡೆಯಿತು. “ಅದು ಹಂಗ ಅಂತೈತಿ, ಬಂದ್ ಮಾಡು” ಅಂದ ದೋಸ್ತ. ಬಂದ್ ಮಾಡಿದೆ. ಆಟ ಓಡಿತು. ಎರಡು ದಿನಗಳ ನಂತರ ಅಬ್ಬಾ ಕಂಪ್ಯೂಟರ್ ಮುಂದೆ ಕುಳಿತು ನನ್ನನ್ನು ಕರೆದರು. ಅಂಗಡಿಯ ಒಂದು ಫೈಲೂ ತೆರೆಯುತ್ತಿರಲಿಲ್ಲ. ಎಲ್ಲದರ ಹೆಸರಿನ ಹಿಂದೆ ಏನೋ ವಿಚಿತ್ರ ಅಕ್ಷರಗಳು ಸೇರಿಕೊಂಡಿದ್ದವು. ಫೈಲು ವಾಪಸ್ ಬೇಕಾದರೆ ಹಣ ಕಳಿಸು ಎಂಬ ಚೀಟಿಯೊಂದು ಪರದೆಯ ಮೇಲಿತ್ತು.

ನಮ್ಮದು ಬಟ್ಟೆಯ ಸಣ್ಣ ಅಂಗಡಿ. ಎರಡು ವರ್ಷಗಳ ಉದ್ರಿ ಲೆಕ್ಕ ಆ ಕಂಪ್ಯೂಟರಿನಲ್ಲಿತ್ತು. ಯಾರು ಎಷ್ಟು ಕೊಡಬೇಕು, ಯಾರು ಅರ್ಧ ಕೊಟ್ಟಿದ್ದಾರೆ, ಎಲ್ಲವೂ. ರಜೆಯ ಒಂದು ತಿಂಗಳು ನಾನು ಅಂಗಡಿಯ ಮೂಲೆಯಲ್ಲಿ ಕುಳಿತು ಹಳೆಯ ಬಿಲ್ಲುಗಳನ್ನು ಜೋಡಿಸಿ ಲೆಕ್ಕ ಮತ್ತೆ ಬರೆದೆ. ಕೆಲವು ಗ್ರಾಹಕರು ತಾವಾಗಿಯೇ ಬಂದು “ನಮ್ದು ಇಷ್ಟು ಬಾಕಿ ಐತ್ರಿ” ಎಂದರು. ಕೆಲವರು ಅನ್ನಲಿಲ್ಲ. ಅಬ್ಬಾ ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಹಾಗಾಗಿ ಪುಕ್ಕಟೆ ಪ್ರತಿ ನಿಜವಾಗಿ ಪುಕ್ಕಟೆ ಅಲ್ಲ. ಅದರ ಬೆಲೆ ಬೇರೆ ಕಡೆ ಬೀಳುತ್ತದೆ, ಎಷ್ಟೋ ಸಲ ಬೇರೆಯವರ ಮೇಲೆ. ಆಟ ಮಾಡುವವರ ಮೇಲೂ ಬೀಳುತ್ತದೆ. ಆಟ ಅಂದರೆ ಅಮೆರಿಕದ ಯಾವುದೋ ದೊಡ್ಡ ಕಂಪನಿ, ಅವರಿಗೇನು ಕಡಿಮೆ ಎಂದು ನಾವು ಹೇಳುತ್ತೇವೆ. ನಮ್ಮ ಅಣ್ಣಂದಿರೆಲ್ಲ ಕಳ್ಳ ಸಿಡಿಯಲ್ಲಿ ಆಡಿ ಬೆಳೆದ ‘ಜಿಟಿಎ: ವೈಸ್ ಸಿಟಿ’ ರಾಕ್‌ಸ್ಟಾರ್ ಗೇಮ್ಸ್ ಕಂಪನಿಯದು. ಅದೇ ಕಂಪನಿ 2019ರಲ್ಲಿ ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಅನ್ನು ಕೊಂಡುಕೊಂಡಿತು. 1990ರ ದಶಕದಲ್ಲಿ ರಾಜೇಶ್ ರಾವ್ ಕಟ್ಟಿದ ಧ್ರುವ, ಭಾರತದ ಮೊದಮೊದಲ ಗೇಮ್ ಕಂಪನಿಗಳಲ್ಲಿ ಒಂದು. ಅಂದರೆ ಇವತ್ತು ಆ ಆಟಗಳ ಕೆಲಸ ಮಾಡುವವರಲ್ಲಿ ಚಿಗರಿ ಬಸ್ಸಿನಲ್ಲಿ ಇಂಜಿನಿಯರಿಂಗ್ ಕಾಲೇಜಿಗೆ ಓಡಾಡಿದ ಹುಡುಗ-ಹುಡುಗಿಯರೂ ಇರಬಹುದು. ನಾಳೆ ನಮ್ಮಲ್ಲೇ ಒಬ್ಬರು ಇರಬಹುದು. ದರ್ಜಿ ಹೊಲಿದ ಅಂಗಿಗೆ ಕೂಲಿ ಕೊಡುವ ನಾವು, ಕಣ್ಣಿಗೆ ಕಾಣುವುದಿಲ್ಲ ಎಂಬ ಕಾರಣಕ್ಕೆ ಇವರ ಕೂಲಿ ಹೊಡೆಯಬಹುದೇ?

ಕೈಯಲ್ಲಿ ಮುಟ್ಟಲಾಗದ್ದು ಮಾಲೇ ಅಲ್ಲ, ಅದನ್ನು ನಕಲು ಮಾಡಿದರೆ ಹರಾಮ್ ಹೇಗೆ ಎಂದು ಕ್ಯಾಂಟೀನಿನಲ್ಲಿ ವಾದ ಮಾಡುವ ಗೆಳೆಯರಿದ್ದಾರೆ. ಅವರಿಗೆ ಒಂದು ಮಾತು. 1988ರಲ್ಲಿ ಕುವೈತ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಖ್ ಅಕಾಡೆಮಿಯ ವಿದ್ವಾಂಸರು, ಬರವಣಿಗೆ, ಆವಿಷ್ಕಾರ, ವ್ಯಾಪಾರದ ಹೆಸರು ಇವೆಲ್ಲ ಅವುಗಳ ಒಡೆಯರ ಹಕ್ಕು, ಅವುಗಳ ಮೇಲೆ ಕೈ ಹಾಕಬಾರದು ಎಂದು ನಿರ್ಣಯಿಸಿದ್ದಾರೆ. ನಮ್ಮ ಅಕೌಂಟೆನ್ಸಿ ಪುಸ್ತಕವೂ ಕೃತಿಸ್ವಾಮ್ಯವನ್ನು ಬ್ಯಾಲೆನ್ಸ್ ಶೀಟಿನಲ್ಲಿ ಅಮೂರ್ತ ಆಸ್ತಿ ಎಂದೇ ತೋರಿಸುತ್ತದೆ. ಎರಡೂ ಕಡೆ ಉತ್ತರ ಒಂದೇ.

ಇನ್ನು ಕಾನೂನು. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆ 1957ರದು. 2012ರ ತಿದ್ದುಪಡಿಯಲ್ಲಿ 65ಎ ಎಂಬ ಕಲಂ ಸೇರಿತು. ಕೃತಿಯ ರಕ್ಷಣೆಗೆ ಹಾಕಿದ ತಾಂತ್ರಿಕ ಬೀಗವನ್ನು, ಆ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಒಡೆದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ. ಇಲ್ಲಿ ‘ಉದ್ದೇಶ’ ಎಂಬ ಪದ ಗಮನಿಸಿ. ಅದೇ ಕಾಯಿದೆಯ 52ನೇ ಕಲಂ, ಸಾಫ್ಟ್‌ವೇರನ್ನು ನ್ಯಾಯವಾಗಿ ಹೊಂದಿರುವವನು ಅದು ಹಾಳಾದರೆ ಇರಲಿ ಎಂದು ಒಂದು ಬ್ಯಾಕಪ್ ಪ್ರತಿ ಮಾಡಿಕೊಳ್ಳಲು ಒಪ್ಪುತ್ತದೆ. ಕಳ್ಳ ಪ್ರತಿ ಎಂದು ಗೊತ್ತಿದ್ದೂ ಬಳಸುವವನಿಗೆ 63ಬಿ ಕಲಂ ಅಡಿ ಶಿಕ್ಷೆಯೂ ಇದೆ. ಆದರೆ ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸಿಲ್ಲವಾದರೆ, ಜೈಲು ಬಿಟ್ಟು 50,000 ರೂಪಾಯಿವರೆಗಿನ ದಂಡ ಮಾತ್ರ ಹಾಕಲು ನ್ಯಾಯಾಲಯಕ್ಕೆ ಅವಕಾಶವಿದೆ. ಅಂದರೆ ಕೇಂದ್ರದ ಕಾಯಿದೆ ಕದ್ದು ಮಾರುವವನನ್ನೂ ಮನೆಯಲ್ಲಿ ಆಡುವ ಹುಡುಗನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ನಮ್ಮ ರಾಜ್ಯ ಇನ್ನೂ ಮುಂದೆ ಹೋಗಿದೆ. ಜನ ‘ಗೂಂಡಾ ಕಾಯಿದೆ’ ಎಂದು ಕರೆಯುವ 1985ರ ಕರ್ನಾಟಕದ ಕಾಯಿದೆಗೆ 2014ರಲ್ಲಿ ತಿದ್ದುಪಡಿ ತಂದು ‘ಡಿಜಿಟಲ್ ಅಪರಾಧಿ’ ಎಂಬ ಹೊಸ ವರ್ಗ ಸೇರಿಸಿದರು. ಪುಸ್ತಕ, ಸಂಗೀತ, ಸಿನಿಮಾ, ಸಾಫ್ಟ್‌ವೇರ್‌ಗಳ ಕೃತಿಸ್ವಾಮ್ಯವನ್ನು ವ್ಯಾಪಾರಕ್ಕಾಗಿ ಬೇಕಂತಲೇ ಉಲ್ಲಂಘಿಸುವವರು ಇದರಲ್ಲಿ ಬರುತ್ತಾರೆ. ಗೇಮ್ ಕೂಡ ಸಾಫ್ಟ್‌ವೇರೇ. ಈ ಕಾಯಿದೆಯಡಿ ವಿಚಾರಣೆ ಮುಗಿಯುವ ಮೊದಲೇ, ಮುಂಜಾಗ್ರತೆ ಎಂದು, ಒಬ್ಬನನ್ನು ಒಂದು ವರ್ಷದವರೆಗೆ ಬಂಧನದಲ್ಲಿಡಬಹುದು. ಕಳ್ಳ ಸಿಡಿ ಮಾರುವುದು ತಪ್ಪು, ಒಪ್ಪುತ್ತೇನೆ. ಆದರೆ ಆ್ಯಸಿಡ್ ಹಾಕುವವನ, ಮಾದಕ ವಸ್ತು ಮಾರುವವನ ಸಾಲಿನಲ್ಲೇ ಗೇಮ್ ನಕಲು ಮಾಡಿ ಮಾರುವವನನ್ನೂ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ಅವನ ಮೇಲೆ ಕೇಸು ಹಾಕಲಿ, ಕೋರ್ಟು ವಿಚಾರಿಸಲಿ, ಶಿಕ್ಷೆ ಕೊಡಲಿ. ವಿಚಾರಣೆಯಿಲ್ಲದ ಬಂಧನ ಯಾಕೆ?

ಮಾರುವವನ ಹಕ್ಕಿಗೆ ಇಷ್ಟು ಕಾನೂನು ಇರುವಾಗ ಕೊಳ್ಳುವವನ ಹಕ್ಕಿಗೆ ಏನಿದೆ? ‘ದಿ ಕ್ರೂ’ ಎಂಬ ಕಾರ್ ರೇಸ್ ಆಟ 2014ರಲ್ಲಿ ಬಂದಿತ್ತು. 2024ರ ಮಾರ್ಚ್ 31ಕ್ಕೆ ಕಂಪನಿ ಅದರ ಸರ್ವರ್ ಬಂದ್ ಮಾಡಿತು. ರೊಕ್ಕ ಕೊಟ್ಟು ಕೊಂಡವರ ಬಳಿ ಸಿಡಿ ಇದ್ದರೂ ಆಟ ಸತ್ತುಹೋಯಿತು. ಇದರಿಂದ ಸಿಟ್ಟಾದ ಆಟಗಾರರು ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಚಳವಳಿ ಶುರು ಮಾಡಿದರು. ಯುರೋಪಿನಲ್ಲಿ ಅವರ ಮನವಿಗೆ 2025ರ ಜುಲೈನಲ್ಲಿ ಸಹಿಗಳು 10 ಲಕ್ಷ ದಾಟಿದವು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಒಂದು ಕಾನೂನು ಮಾಡಿತು. ಕೊಡುತ್ತಿರುವುದು ಬರೀ ಲೈಸೆನ್ಸ್ ಆಗಿದ್ದರೆ, ಅದನ್ನು ಸ್ಪಷ್ಟವಾಗಿ ಹೇಳದೆ “ಖರೀದಿಸಿ” ಎಂದು ಗುಂಡಿ ಇಡುವಂತಿಲ್ಲ.

ನಮ್ಮ ವ್ಯವಹಾರ ಅಧ್ಯಯನ ಪುಸ್ತಕದ ಗ್ರಾಹಕ ಸಂರಕ್ಷಣೆ ಪಾಠದಲ್ಲಿ ಗ್ರಾಹಕರ ಆರು ಹಕ್ಕುಗಳನ್ನು ನಾವು ಬಾಯಿಪಾಠ ಮಾಡುತ್ತೇವೆ. ಅದರಲ್ಲಿ ಒಂದು ಮಾಹಿತಿ ಪಡೆಯುವ ಹಕ್ಕು. ಬಿಸ್ಕಿಟ್ ಪೊಟ್ಟಣದ ಮೇಲೆ ತೂಕ, ದಿನಾಂಕ, ಬೆಲೆ ಎಲ್ಲ ಇರಬೇಕು ಎನ್ನುವ ನಾವು, 999 ರೂಪಾಯಿಯ ಆಟದ ಮೇಲೆ “ನೆಟ್ ಇಲ್ಲದಿದ್ದರೆ ನಡೆಯುವುದಿಲ್ಲ, ಸರ್ವರ್ ಬಂದ್ ಆದರೆ ಇದೂ ಬಂದ್” ಎಂದು ದೊಡ್ಡ ಅಕ್ಷರದಲ್ಲಿ ಬರೆಯಿರಿ ಎಂದು ಯಾಕೆ ಕೇಳಬಾರದು?

ಬೀಗವೇ ಬೇಡ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಬೀಗ ಹೇಗಿರುತ್ತದೆ ಎಂಬುದು ಕಾಮರ್ಸ್‌ನವರಾದ ನಮಗೆ ಚೆನ್ನಾಗಿ ಗೊತ್ತು. ಸಂಜೆ ಟ್ಯಾಲಿ ಕ್ಲಾಸಿಗೆ ಹೋಗುವವರು ಎಷ್ಟು ಜನ ಇಲ್ಲ ನಮ್ಮಲ್ಲಿ! 1986ರಲ್ಲಿ ಶುರುವಾದ ಈ ಬೆಂಗಳೂರಿನ ಕಂಪನಿಯ ಸಾಫ್ಟ್‌ವೇರನ್ನು ಲೈಸೆನ್ಸ್ ಇಲ್ಲದೆ ತೆರೆದರೆ ಎಜುಕೇಷನಲ್ ಮೋಡ್ ಬರುತ್ತದೆ. ತಿಂಗಳ 1, 2 ಮತ್ತು ಕೊನೆಯ 31ನೇ ತಾರೀಕಿಗೆ ಮಾತ್ರ ಎಂಟ್ರಿ ಹಾಕಬಹುದು. ಕಲಿಯುವವನಿಗೆ ಅಷ್ಟು ಸಾಕು, ದಿನಾ ವ್ಯಾಪಾರ ಮಾಡುವವನಿಗೆ ಸಾಲದು. ಹಾಗಾಗಿ ವಿದ್ಯಾರ್ಥಿ ಪುಕ್ಕಟೆ ಕಲಿಯುತ್ತಾನೆ, ವ್ಯಾಪಾರಿ ರೊಕ್ಕ ಕೊಡುತ್ತಾನೆ. ಈ ಬೀಗ ಯಾರನ್ನು ತಡೆಯಬೇಕೋ ಅವರನ್ನೇ ತಡೆಯುತ್ತದೆ.

ಬೀಗವಿಲ್ಲದೆಯೂ ವ್ಯಾಪಾರ ನಡೆಯುತ್ತದೆ ಎಂಬುದಕ್ಕೆ ಪೋಲೆಂಡಿನ ಉದಾಹರಣೆ ಇದೆ. 1990ರ ದಶಕದಲ್ಲಿ ಅಲ್ಲಿಯ ಸಂತೆಗಳಲ್ಲಿ ಎಲ್ಲಿ ನೋಡಿದರೂ ಕಳ್ಳ ಸಿಡಿ. ಸಿಡಿ ಪ್ರಾಜೆಕ್ಟ್ ಎಂಬ ಸಣ್ಣ ಕಂಪನಿ 1999ರಲ್ಲಿ ‘ಬಾಲ್ಡರ್ಸ್ ಗೇಟ್’ ಎಂಬ ಆಟವನ್ನು ಪೂರ್ತಿ ಪೋಲಿಷ್ ಭಾಷೆಗೆ ತಂದಿತು. ಪಾತ್ರಗಳ ಮಾತು ಪೋಲಿಷ್‌ನಲ್ಲಿ, ಅದಕ್ಕೆ ಹೆಸರಾಂತ ನಟರ ಧ್ವನಿ, ಜೊತೆಗೆ ಒಳ್ಳೆಯ ಪೆಟ್ಟಿಗೆ. ಕಳ್ಳ ಪ್ರತಿಯಲ್ಲಿ ಸಿಗದ್ದು ಅಸಲಿಯಲ್ಲಿ ಸಿಕ್ಕಿತು, ಜನ ಕೊಂಡರು. ಅದೇ ಕಂಪನಿ 2008ರಲ್ಲಿ ಡಿಆರ್‌ಎಂ ಇಲ್ಲದ ಆಟಗಳನ್ನೇ ಮಾರುವ ಜಿಒಜಿ ಅಂಗಡಿ ತೆರೆಯಿತು. 2015ರಲ್ಲಿ ತನ್ನ ‘ದಿ ವಿಚರ್ 3’ ಆಟವನ್ನು ಅಲ್ಲಿ ಬೀಗವಿಲ್ಲದೆ ಮಾರಿತು. ಆ ಆಟ ಜಗತ್ತಿನಾದ್ಯಂತ ಕೋಟಿಗಟ್ಟಲೆ ಮಾರಾಟವಾಗಿದೆ. ಇದನ್ನು ಓದಿದಾಗ ನನಗೆ ಬಂದ ಮೊದಲ ಯೋಚನೆ: ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ ಮಾತಾಡುವ ನನಗೆ, ಕನ್ನಡದಲ್ಲಿ ಮಾತಾಡುವ ಒಂದು ದೊಡ್ಡ ಆಟ ನ್ಯಾಯವಾದ ಬೆಲೆಗೆ ಸಿಕ್ಕರೆ ಯಾವ ಪೆನ್‌ಡ್ರೈವ್ ಬೇಕು?

ಕೊನೆಗೆ, ನಮ್ಮ ಕೈಯಲ್ಲಿರುವ ಕೆಲಸಗಳನ್ನು ಹೇಳಿ ಮುಗಿಸುತ್ತೇನೆ. ಗೆಳೆಯರೇ, ಗೇಮ್ ಕೊಳ್ಳುವ ಮೊದಲು ಅದು ನೆಟ್ ಇಲ್ಲದೆ ನಡೆಯುತ್ತದೆಯೇ ಎಂದು ಓದಿ ನೋಡಿ. ರೊಕ್ಕ ಇಲ್ಲವೇ? ‘0 ಎ.ಡಿ.’, ‘ಸೂಪರ್‌ಟಕ್ಸ್‌ಕಾರ್ಟ್’ ಇಂಥ ಆಟಗಳನ್ನು ಅವುಗಳನ್ನು ಮಾಡಿದವರೇ ಎಲ್ಲರಿಗೂ ಪುಕ್ಕಟೆ ಬಿಟ್ಟಿದ್ದಾರೆ, ನಕಲು ಮಾಡಿ ಹಂಚಿದರೂ ತಪ್ಪಿಲ್ಲ. ಅಪ್ಪ-ಅಮ್ಮನ ಲೆಕ್ಕ ಇರುವ ಕಂಪ್ಯೂಟರಿನಲ್ಲಿ ಮಾತ್ರ ಯಾರದೋ ಪೆನ್‌ಡ್ರೈವ್ ಸಿಕ್ಕಿಸಬೇಡಿ, ಆಂಟಿವೈರಸ್ ಬಂದ್ ಮಾಡು ಎನ್ನುವ ಗೇಮನ್ನು ಹಾಕಲೇಬೇಡಿ. ನಮ್ಮ ಗುರುಗಳಲ್ಲಿ ಒಂದು ವಿನಂತಿ. ವರ್ಷಕ್ಕೆ ಒಂದು ದಿನ ಕಂಪ್ಯೂಟರ್ ಲ್ಯಾಬಿನಲ್ಲಿ, ನ್ಯಾಯವಾಗಿ ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಯಾವುವು, ಬ್ಯಾಕಪ್ ಹೇಗೆ ಇಡಬೇಕು ಎಂದು ಎಲ್ಲ ವಿಭಾಗದವರಿಗೂ ಹೇಳಿಕೊಡಿ. ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಅಬ್ಬಾನ ಲೆಕ್ಕ ಉಳಿಯುತ್ತಿತ್ತು.

ಈಗ ಅಂಗಡಿಯ ಲೆಕ್ಕ ಎರಡು ಕಡೆ ಇದೆ. ಕಂಪ್ಯೂಟರಿನಲ್ಲಿ ನಾನು ಹಾಕುತ್ತೇನೆ, ಉದ್ರಿ ಪುಸ್ತಕದಲ್ಲಿ ಅಬ್ಬಾ ಬರೆಯುತ್ತಾರೆ, ರಾತ್ರಿ ಎರಡನ್ನೂ ತಾಳೆ ನೋಡುತ್ತೇವೆ. ಆ 999 ರೂಪಾಯಿಯ ಎಂಟ್ರಿಯನ್ನೂ ಒಂದು ದಿನ ನನ್ನ ನೋಟ್‌ಬುಕ್ಕಿನಲ್ಲಿ ಬರೆದುಬಿಟ್ಟೆ. ಬಾಡಿಗೆ ಖಾತೆಗೆ ಡೆಬಿಟ್. ಮಾರುವವರು ಗುಂಡಿಯ ಮೇಲೂ ಅದೇ ಪದ ಬರೆಯಲಿ, ಆಗ ಕೊಡಬೇಕೋ ಬೇಡವೋ ಎಂದು ನಾವು ನೋಡಿಕೊಳ್ಳುತ್ತೇವೆ. ನನ್ನ ಮಾತು ಒಪ್ಪದವರು, ಮುಖ್ಯವಾಗಿ ನನ್ನ ದೋಸ್ತ, ಮುಂದಿನ ಸಂಚಿಕೆಗೆ ಉತ್ತರ ಬರೆಯಲಿ.